ಹೊರ ಅಡುಗೆಗೆ ಯಾವ ಒಲೆ?

ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವುದರಿಂದ ದೋಆಬ್, ಅಂದರೆ ಎರಡು ಹೊಳೆಗಳ ನಡುವಿನ ಸೀಮೆ, ಎಂದು ಇತಿಹಾಸದ ಪುಸ್ತಕಗಳಲ್ಲಿ ಹೆಸರಾದ ರಾಯಚೂರು ಪ್ರದೇಶದಲ್ಲಿ ಒಲೆಯನ್ನು ಮನೆಯ ಹೊರಗೆ ಹೂಡುವುದು ಶೋಕಿಗಾಗಿ ಹುಟ್ಟಿದ ಪದ್ಧತಿಯಲ್ಲ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ನೆಲದಲ್ಲಿ ಸ್ನಾನದ ಹಂಡೆ, ರೊಟ್ಟಿಯ ಹೆಂಚು, ಮದುವೆಯ ಭಟ್ಟಿ ಇವೆಲ್ಲ ಅಂಗಳದಲ್ಲೋ ಹಿತ್ತಲಲ್ಲೋ ಇರುತ್ತಿದ್ದವು. ನಗರದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ಅದೇ ಹಿತ್ತಲಿಗೆ ಗ್ರಿಲ್ ಬೇಕು, ಸ್ಮೋಕರ್ ಬೇಕು ಎಂದು ಕೇಳತೊಡಗಿದಾಗ ಪ್ರಶ್ನೆ ಹೊಸ ರೂಪ ಪಡೆಯುತ್ತದೆ. ಮುಂದಿನ ಸಂವಾದ ದೇವದುರ್ಗದ ಕಡೆ ಹೊಲವಿದ್ದು ರಾಯಚೂರಿನಲ್ಲಿ ಮನೆ ಕಟ್ಟಿಸುತ್ತಿರುವ ಗೃಹಸ್ಥನೊಬ್ಬನಿಗೂ, ಮಾನ್ವಿಯ ಸುತ್ತಿನ ಮದುವೆ ಜಾತ್ರೆಗಳಲ್ಲಿ ಬಹುಕಾಲ ಭಟ್ಟಿಯ ಮುಂದೆ ನಿಂತು ಅಡುಗೆ ಮಾಡಿಸಿದ ಹಿರಿಯರೊಬ್ಬರಿಗೂ ನಡುವಿನದು.

ಗೃಹಸ್ಥ: ಕಾಕಾ, ಅಂಗಡಿಯವರು ಕಳಿಸಿದ ಪಟ್ಟಿಯಲ್ಲಿ ಅನಿಲದ ಗ್ರಿಲ್, ಮುಚ್ಚಳವಿರುವ ಇದ್ದಲಿ ಗ್ರಿಲ್, ಮೊಟ್ಟೆಯಾಕಾರದ ಪಿಂಗಾಣಿ ಒಲೆ, ಮರದ ಗುಳಿಗೆಗಳನ್ನು ತಾನೇ ಉರಿಸಿಕೊಳ್ಳುವ ಯಂತ್ರ, ಉದ್ದನೆಯ ಹೊಗೆಪೆಟ್ಟಿಗೆ ಹೀಗೆ ಹತ್ತಾರು ಬಗೆಗಳಿವೆ. ಡಲ್ಲಾಸಿನಲ್ಲಿರುವ ಅಣ್ಣನಂತೂ ಸ್ಮೋಕರ್ ಇಲ್ಲದ ಹೊರ ಅಡುಗೆಮನೆ ಅಡುಗೆಮನೆಯೇ ಅಲ್ಲ ಎನ್ನುತ್ತಾನೆ. ಯಾವುದನ್ನು ಮೊದಲು ನೋಡಬೇಕು?

ಹಿರಿಯರು: ಯಾವುದನ್ನೂ ಮೊದಲು ನೋಡಬಾರದು, ತಮ್ಮಾ. ಮೊದಲು ನೋಡಬೇಕಾದದ್ದು ಉರುವಲು. ವರ್ಷವಿಡೀ ಯಾವುದು ಸಿಗುತ್ತದೆ, ಯಾವುದು ಹೇಗೆ ಉರಿಯುತ್ತದೆ, ಅದರ ಹೊಗೆ ತಿನ್ನುವ ಪದಾರ್ಥಕ್ಕೆ ತಾಗಬಹುದೋ ಇಲ್ಲವೋ ಎಂಬುದು ತಿಳಿದ ಮೇಲೆ ಒಲೆಯ ಆಕಾರ ತಾನಾಗಿ ಗೊತ್ತಾಗುತ್ತದೆ. ಒಲೆಯನ್ನು ಕೊಂಡು ತಂದು ಆಮೇಲೆ ಉರುವಲು ಹುಡುಕುವ ಮನೆಗಳಲ್ಲಿ ಆ ಒಲೆ ಮೂರನೆಯ ತಿಂಗಳಿಗೆ ಹೂಕುಂಡ ಇಡುವ ಜಾಗವಾಗುತ್ತದೆ.

ಗೃಹಸ್ಥ: ಉರುವಲಿಗೆ ಇಲ್ಲಿ ಕೊರತೆಯೇನಿದೆ? ಹೊಲದಲ್ಲಿ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಒಟ್ಟಿಯೇ ಇರುತ್ತದೆ. ಮಾನ್ವಿ, ರಾಯಚೂರಿನ ರೈಸ್ ಮಿಲ್ಲುಗಳ ಮುಂದೆ ಭತ್ತದ ಹೊಟ್ಟಿನ ಗುಡ್ಡೆ ಬಿದ್ದಿರುತ್ತದೆ.

ಹಿರಿಯರು: ಇದ್ದದ್ದೆಲ್ಲ ಅಡುಗೆಯ ಉರುವಲಲ್ಲ. ಹತ್ತಿ ಕಟ್ಟಿಗೆ ಬಿರುಸಾಗಿ ಉರಿದು ಬೇಗ ಬೂದಿಯಾಗುತ್ತದೆ, ಕೆಂಡ ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ ಆ ಬೆಳೆಗೆ ಹೊಡೆದಷ್ಟು ಔಷಧಿಯನ್ನು ಈ ಸೀಮೆಯಲ್ಲಿ ಬೇರಾವ ಬೆಳೆಗೂ ಹೊಡೆಯುವುದು ಅಪರೂಪವಾದ್ದರಿಂದ, ಅದರ ಹೊಗೆ ನೇರವಾಗಿ ಮಾಂಸಕ್ಕೋ ಬದನೆಕಾಯಿಗೋ ತಾಗುವಂತೆ ಉರಿಸುವುದು ಯುಕ್ತವಲ್ಲ. ಹಂಡೆಯ ನೀರು ಕಾಯಿಸಲಿಕ್ಕೆ ಅದು ಸಾಕು. ತೊಗರಿ ಕಟ್ಟಿಗೆಯ ಉರಿ ಎತ್ತರವಾಗಿ, ಹದವಾಗಿ ಏಳುತ್ತದೆ. ಹೆಂಚಿನ ಕೆಳಗೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಅದೂ ಕೆಂಡ ಕೊಡುವ ಕಟ್ಟಿಗೆಯಲ್ಲ. ಭತ್ತದ ಹೊಟ್ಟಿನಲ್ಲಿ ಸಿಲಿಕಾ, ಅಂದರೆ ಮರಳಿನ ಮೂಲವಸ್ತು, ಬಹಳವಿರುವುದರಿಂದ ಸುಟ್ಟ ಮೇಲೆ ತೂಕದ ಐದನೆಯ ಒಂದು ಭಾಗದಷ್ಟು ಬೂದಿ ಹಾಗೆಯೇ ಉಳಿದು ಗಾಳಿಗೆ ಏಳುತ್ತದೆ. ಹೊಟ್ಟನ್ನು ಡಬ್ಬಿಯಲ್ಲಿ ಗಿಡಿದು ನಡುವೆ ತೂತು ಬಿಟ್ಟು ಉರಿಸುವ ಒಲೆ ಪಾತ್ರೆಯ ಅಡುಗೆಗೆ ನಡೆಯುತ್ತದೆ. ತೆರೆದಿಟ್ಟ ಮಾಂಸದ ಕೆಳಗೆ ನಡೆಯುವುದಿಲ್ಲ.

ಗೃಹಸ್ಥ: ಹಾಗಾದರೆ ಉಳಿಯುವುದೇನು?

ಹಿರಿಯರು: ಬಳ್ಳಾರಿ ಜಾಲಿ. ರಸ್ತೆಯ ಎರಡೂ ಬದಿಗೆ, ಕಾಲುವೆಯ ಏರಿಯ ಮೇಲೆ, ಪಾಳು ಬಿದ್ದ ಹೊಲದಲ್ಲಿ ಎಲ್ಲಿ ನೋಡಿದರೂ ಇರುವ ಈ ಮುಳ್ಳುಗಿಡ ಇಲ್ಲಿಯದಲ್ಲ. ಅಮೆರಿಕ ಖಂಡದಿಂದ 19ನೆಯ ಶತಮಾನದಲ್ಲಿ ಭಾರತಕ್ಕೆ ತಂದು, ಬಂಜರನ್ನು ಹಸಿರು ಮಾಡಲು, ಉರುವಲು ಬೆಳೆಸಲು ಎಂದು ಹಬ್ಬಿಸಿದ್ದು. ಟೆಕ್ಸಾಸಿನ ಗ್ರಿಲ್ಲುಗಳಿಗೆ ಹೆಸರು ತಂದ ಮೆಸ್ಕೀಟ್ ಎಂಬ ಮರ ಇದರ ಹತ್ತಿರದ ಬಂಧು. ಅಣ್ಣ ಡಲ್ಲಾಸಿನಲ್ಲಿ ಚೀಲಕ್ಕೆ ಇಷ್ಟು ಡಾಲರೆಂದು ಕೊಟ್ಟು ತರುವ ಕಟ್ಟಿಗೆಯ ಸೋದರವನ್ನೇ ತಮ್ಮ ದೇವದುರ್ಗದಲ್ಲಿ ಜೆಸಿಬಿ ಬಾಡಿಗೆ ಕೊಟ್ಟು ಕೀಳಿಸುತ್ತಾನೆ.

ಗೃಹಸ್ಥ: ಅಂದ ಮೇಲೆ ಸ್ಮೋಕರಿಗೆ ಬೇಕಾದ ಮರ ಬಾಗಿಲಲ್ಲೇ ಇದೆ ಎಂದಾಯಿತಲ್ಲ! ಅಣ್ಣನ ಮಾತಿಗೆ ಬಲವೇ ಬಂತು.

ಹಿರಿಯರು: ಬಲ ಬಂದದ್ದು ಗ್ರಿಲ್ಲಿಗೆ, ಸ್ಮೋಕರಿಗಲ್ಲ. ಇವೆರಡರ ಭೇದವನ್ನು ಮೊದಲು ಸರಿಯಾಗಿ ಹಿಡಿಯಬೇಕು. ಗ್ರಿಲ್ಲಿನಲ್ಲಿ ಪದಾರ್ಥ ಕೆಂಡದ ನೇರ ಮೇಲೆ ಇರುತ್ತದೆ. ನಡುವೆ ಪಾತ್ರೆಯಿಲ್ಲದೆ ಕೆಂಡದಿಂದ ನೇರವಾಗಿ ಹೊಮ್ಮಿ ಬರುವ ವಿಕಿರಣ ಶಾಖ ಅದರ ಮೇಲ್ಮೈಯನ್ನು 140 ಡಿಗ್ರಿಗೂ ಮೇಲಕ್ಕೆ ಏರಿಸಿ, ಪ್ರೋಟೀನು ಮತ್ತು ಸಕ್ಕರೆಯ ಅಂಶಗಳು ಕೂಡಿ ಕಂದಾಗಿ, ಹುರಿದ ವಾಸನೆ ಹುಟ್ಟುತ್ತದೆ. ಇದು ನಿಮಿಷಗಳ ಕೆಲಸ. ಸ್ಮೋಕರಿನಲ್ಲಿ ಬೆಂಕಿ ಒಂದು ಕಡೆ, ಪದಾರ್ಥ ಇನ್ನೊಂದು ಕಡೆ. ಹೊಗೆ ಬೆರೆತ ಗಾಳಿ ಸುಮಾರು 110ರಿಂದ 130 ಡಿಗ್ರಿಯ ಕಾವಿನಲ್ಲಿ ಗಂಟೆಗಟ್ಟಲೆ ಪೆಟ್ಟಿಗೆಯೊಳಗೆ ಹಾದುಹೋಗುತ್ತದೆ. ಮರದಲ್ಲಿರುವ ಲಿಗ್ನಿನ್ ಎಂಬ ಬಂಧಕ ವಸ್ತು ಸುಟ್ಟು ಒಡೆದಾಗ ಬರುವ ಸುವಾಸಿತ ಅಂಶಗಳು ಮಾಂಸದ ತೇವದ ಮೇಲೆ ಕೂಡುತ್ತವೆ. ಮೆಸ್ಕೀಟಿನ ಹೊಗೆ ಖಾರವಾದದ್ದು. ಹತ್ತು ನಿಮಿಷ ತಾಗಿದರೆ ರುಚಿ, ಹತ್ತು ಗಂಟೆ ತಾಗಿದರೆ ಕಹಿ. ಟೆಕ್ಸಾಸಿನ ನಡುಭಾಗದವರೂ ದೀರ್ಘಕಾಲದ ಹೊಗೆಗೆ ಓಕ್ ಮರವನ್ನು ಉರಿಸಿ, ಮೆಸ್ಕೀಟನ್ನು ಬಹುಮಟ್ಟಿಗೆ ಬೇಗ ಸುಡುವ ಅಡುಗೆಗೆ ಬಿಡುವುದು ಇದರಿಂದಲೇ.

ಗೃಹಸ್ಥ: ಹುಣಸೆ, ಮಾವು ಬಳಸಿದರಾಯಿತು. ಮರದಿಂದ ಸ್ಮೋಕರ್ ಬೇಡವಾಗುವುದಿಲ್ಲ.

ಹಿರಿಯರು: ನಿಜ, ಮರದಿಂದ ಬೇಡವಾಗುವುದಿಲ್ಲ, ಮಾಂಸದಿಂದ ಬೇಡವಾಗುತ್ತದೆ. ಅಲ್ಲಿಯವರು ಸ್ಮೋಕರಿನಲ್ಲಿ ಇಡುವುದು ದನದ ಎದೆಭಾಗದಂಥ ಐದಾರು ಕಿಲೋ ತೂಗುವ ಒಂದೇ ತುಂಡನ್ನು. ಅದರಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರಿನಂಶವೂ ಕೊಬ್ಬೂ ತುಂಬಿರುತ್ತವೆ. ಒಳಗಿನ ಕಾವು 70 ಡಿಗ್ರಿ ದಾಟಿ ಬಹಳ ಹೊತ್ತು ಅಲ್ಲಿಯೇ ನಿಂತರೆ ಆ ನಾರು ಕರಗಿ ಮೆತ್ತಗಾಗುತ್ತದೆ. ಹಾಗೆ ನಿಲ್ಲಿಸಲಿಕ್ಕೆ ಹುಟ್ಟಿದ ಉಪಕರಣವೇ ಸ್ಮೋಕರ್. ರಾಯಚೂರು, ಕೊಪ್ಪಳ ಸೀಮೆಯ ಸ್ವಂತ ತಳಿ ಕೆಂಗುರಿ. ಮೈಬಣ್ಣ ಕೆಂಪುಗಂದು, ಸಾಕುವುದು ಮುಖ್ಯವಾಗಿ ಮಾಂಸಕ್ಕಾಗಿ. ಹೊಲ ಗುಡ್ಡ ತಿರುಗಿ ಮೇದ ಆ ಕುರಿಯ ಮಾಂಸದಲ್ಲಿ ಕೊಬ್ಬು ಮಿತವಾಗಿರುತ್ತದೆ, ತುಂಡುಗಳೂ ಸಣ್ಣವು, ಮೇಲಾಗಿ ಇಲ್ಲಿಯ ಅಂಗಡಿಯಲ್ಲಿ ಎಲುಬು ಸಹಿತ ಕೈಬೆರಳಿನಷ್ಟಕ್ಕೆ ಕೊಚ್ಚಿ ಕೊಡುವುದೇ ರೂಢಿ. ಅಂಥ ತುಂಡನ್ನು ಹತ್ತು ಗಂಟೆ ಒಣಹೊಗೆಯಲ್ಲಿ ಇಟ್ಟರೆ ಸಿಗುವುದು ಚಕ್ಕೆ.

ಗೃಹಸ್ಥ: ಇಡೀ ತೊಡೆಯನ್ನೇ, ರಾನ್ ಎನ್ನುತ್ತಾರಲ್ಲ, ಅದನ್ನು ಇಟ್ಟರೆ?

ಹಿರಿಯರು: ರಾನ್ ಬೇಯುತ್ತದೆ, ಚೆನ್ನಾಗಿಯೂ ಬೇಯುತ್ತದೆ, ಆದರೆ ಅದಕ್ಕೆ ನಾಲ್ಕೈದು ಗಂಟೆಯ ಹದವಾದ ಕಾವು ಸಾಕು, ಅದು ಉರಿ ಇಳಿದ ತಂದೂರಿನಲ್ಲೂ ಸಿಗುತ್ತದೆ, ಮುಚ್ಚಳವಿರುವ ಸಾದಾ ಗ್ರಿಲ್ಲಿನಲ್ಲಿ ಕೆಂಡವನ್ನು ಒಂದು ಬದಿಗೆ ಸರಿಸಿ ತೊಡೆಯನ್ನು ಇನ್ನೊಂದು ಬದಿಗಿಟ್ಟರೂ ಸಿಗುತ್ತದೆ. ವರ್ಷಕ್ಕೆ ಎರಡು ಸಲ ಮಾಡುವ ರಾನಿಗೆಂದು ಆಳುದ್ದದ ಕಬ್ಬಿಣದ ಪೆಟ್ಟಿಗೆಯನ್ನು ಹಿತ್ತಲಲ್ಲಿ ನಿಲ್ಲಿಸುವುದು ಅತಿಯಾಯಿತು.

ಗೃಹಸ್ಥ: ಕೃಷ್ಣೆ, ತುಂಗಭದ್ರೆಯ ರೋಹು, ಕಾಟ್ಲಾ ಮೀನುಗಳನ್ನು ಹೊಗೆಯಲ್ಲಿ ಕಾಪಿಡುವ ಪದ್ಧತಿಗಾದರೂ ಅದು ಬೇಕಲ್ಲವೇ? ತಣ್ಣನೆಯ ಹೊಗೆ ಎಂಬ ಒಂದು ಕ್ರಮದ ಬಗ್ಗೆ ಆ ಪಟ್ಟಿಯಲ್ಲೇ ಬರೆದಿದೆ.

ಹಿರಿಯರು: ತಣ್ಣನೆಯ ಹೊಗೆ ಎಂದರೆ ಪದಾರ್ಥವನ್ನು ಬೇಯಿಸದೆ 30 ಡಿಗ್ರಿಗಿಂತ ಕೆಳಗಿನ ಕಾವಿನಲ್ಲಿ ಹೊಗೆಯನ್ನಷ್ಟೇ ಕೂಡಿಸುವುದು; ಉತ್ತರ ಯುರೋಪಿನ ಚಳಿಗೆ ಹೊಂದಿದ ವಿದ್ಯೆ ಅದು. ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಬೆಂಕಿಯೇ ಇಲ್ಲದ ಪೆಟ್ಟಿಗೆಯೊಳಗೂ ಅಷ್ಟು ತಂಪು ಇರುವುದಿಲ್ಲ. 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಕಾವಿನಲ್ಲಿ ರೋಗಾಣುಗಳು ಬೆಳೆಯುತ್ತವೆ. ಹಸಿ ಮೀನನ್ನು ಗಂಟೆಗಟ್ಟಲೆ ಆ ಕಾವಿನಲ್ಲಿ ಇಟ್ಟು ಹೊಗೆ ಹಾಕಿದರೆ ಕಾಪಿಟ್ಟಂತೆ ಕಾಣುತ್ತದೆ, ಒಳಗೆ ಕೆಟ್ಟಿರುತ್ತದೆ. ಇಲ್ಲಿಯ ಮೀನಿಗೆ ಉಪ್ಪು ಖಾರ ಹಚ್ಚಿ ಜೋರು ಕೆಂಡದ ಮೇಲೆ ಹತ್ತು ನಿಮಿಷ ಸುಡುವುದೇ ಸರಿ.

ಗೃಹಸ್ಥ: ಹೊಗೆಯ ರುಚಿಯೇ ಬೇಡವೆಂದು ಹೇಳಿದಂತಾಯಿತು.

ಹಿರಿಯರು: ರುಚಿ ಬೇಕು, ಪೆಟ್ಟಿಗೆ ಬೇಡ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಜಿಲ್ಲೆಗೆ ಹೈದರಾಬಾದಿನ ಅಡುಗೆಯಿಂದ ಬಂದ ಧುಂಗಾರ್ ಎಂಬ ಕ್ರಮ ಇದೆ. ಬೆಂದ ಮಾಂಸದ ಅಥವಾ ಬೇಳೆಯ ಪಾತ್ರೆಯ ನಡುವೆ ಒಂದು ಸಣ್ಣ ಬಟ್ಟಲಿಟ್ಟು, ಅದರಲ್ಲಿ ನಿಗಿನಿಗಿ ಕೆಂಡವೊಂದನ್ನು ಹಾಕಿ, ಮೇಲೆ ತುಪ್ಪದ ಹನಿ ಬಿಟ್ಟು, ಹೊಗೆ ಎದ್ದ ಕ್ಷಣವೇ ಮುಚ್ಚಳ ಬಿಗಿದರೆ ಐದು ನಿಮಿಷದಲ್ಲಿ ಹೊಗೆಯ ಕಂಪು ಅಡುಗೆಗೆ ಕೂಡುತ್ತದೆ. ತುಪ್ಪಕ್ಕೆ ಮೊದಲು ಎರಡು ಲವಂಗ ಹಾಕುವವರೂ ಇದ್ದಾರೆ. ಸಣ್ಣ ತುಂಡಿನ ಮಾಂಸಕ್ಕೆ ಸ್ಮೋಕರ್ ಹತ್ತು ಗಂಟೆಯಲ್ಲಿ ಕೊಡುವುದರಲ್ಲಿ ನಾಲಿಗೆಗೆ ತಿಳಿಯುವ ಪಾಲನ್ನು ಇದು ಕೊಡುತ್ತದೆ. ಹೊಲದವರಿಗಂತೂ ಇನ್ನೂ ಹಳೆಯದೊಂದು ಗೊತ್ತಿದೆ, ಸೀತನಿ.

ಸೀತನಿಯ ವಿಷಯದಲ್ಲಿ ಇಬ್ಬರಿಗೂ ಭಿನ್ನಮತವಿರಲಿಲ್ಲವಾದರೂ ಅದರ ಕ್ರಮವನ್ನು ಇಲ್ಲಿ ಹೇಳುವುದು ಅವಶ್ಯ, ಏಕೆಂದರೆ ಕೊಳ್ಳುವ ಉಪಕರಣ ಒಂದೂ ಇಲ್ಲದೆ ಗ್ರಿಲ್ಲಿನ ಕೆಲಸವನ್ನೂ ಸ್ಮೋಕರಿನ ಕೆಲಸವನ್ನೂ ಒಟ್ಟಿಗೆ ಮಾಡುವ ಉದಾಹರಣೆ ಇದು. ಎರೆಹೊಲದ ಹಿಂಗಾರಿ ಜೋಳ ಹಾಲು ತುಂಬಿ, ಕಾಳು ಇನ್ನೂ ಹಸಿರಾಗಿ ಉಗುರಿಗೆ ಮೆತ್ತಗಿರುವ ಚಳಿಗಾಲದ ದಿನಗಳಲ್ಲಿ, ಹೊಲದ ಬದುವಿನ ಪಕ್ಕ ಮೊಣಕೈ ಆಳದ ಗುಂಡಿ ತೋಡಿ, ಕುಳ್ಳು ಒಟ್ಟಿ ಹೊತ್ತಿಸುತ್ತಾರೆ. ಕುಳ್ಳು ಜ್ವಾಲೆ ಬಿಡುವುದನ್ನು ನಿಲ್ಲಿಸಿ ಒಳಗೇ ಕೆಂಪಾದಾಗ ತೆನೆಗಳ ತಲೆಯನ್ನು ಬೂದಿಗೆಂಡದಲ್ಲಿ ಹೂತು, ದಂಟನ್ನು ಹಿಡಿದು ತಿರುಗಿಸುತ್ತ ಹೋಗುತ್ತಾರೆ. ಕಾಳಿನ ಮೇಲಿನ ಹೊಟ್ಟು ಕಪ್ಪಾಗಿ ಚಟಚಟ ಸದ್ದು ಬಂದ ಕೂಡಲೇ ತೆಗೆದು, ಗೋಣಿಪಟ್ಟೆಯ ಮೇಲೆ ಬಡಿದು ತಿಕ್ಕಿ, ಊದಿ, ಶೇಂಗಾ ಚಟ್ನಿಪುಡಿಯ ಜೊತೆಗೋ ಬೆಲ್ಲದ ಜೊತೆಗೋ ಬಿಸಿಯಿರುವಾಗಲೇ ತಿನ್ನುತ್ತಾರೆ. ಆರಿದರೆ ಕಾಳು ಗಟ್ಟಿಯಾಗಿ ಸೊಗಸು ಹೋಗುತ್ತದೆ. ಆದ್ದರಿಂದ ಇದನ್ನು ಪೇಟೆಗೆ ತಂದು ಮಾರಿದರೆ ಅದೇ ಪದಾರ್ಥವಾಗಿ ಉಳಿಯುವುದಿಲ್ಲ.

ಗೃಹಸ್ಥ: ಸೀತನಿ ಸರಿ. ಆದರೆ ಕೆಂಡದ ಮೇಲೆ ಮಾಂಸ ಸುಡುವುದು ಈ ನೆಲದ ಪದ್ಧತಿ ಹೌದೋ ಅಲ್ಲವೋ ಎಂಬ ಅನುಮಾನ ಮನೆಯ ಹಿರಿಯರಲ್ಲಿ ಕೆಲವರಿಗೆ ಇದೆ. ಅದನ್ನು ನಿಜಾಮರ ಕಾಲದ ಆಮದು ಎಂದೇ ಅವರು ಎಣಿಸಿದ್ದಾರೆ.

ಹಿರಿಯರು: ಸೀಖ್ ಕಬಾಬಿನ ಹೆಸರೂ ಮಸಾಲೆಯೂ ಹಾಗೆ ಬಂದವು ಎನ್ನಲಿ, ತಪ್ಪಿಲ್ಲ. ಆದರೆ ಕಲ್ಯಾಣದಿಂದ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗವೆಂಬ ಭಾಗದಲ್ಲಿ ಮಾಂಸದ ತುಂಡುಗಳಿಗೆ ಮಸಾಲೆ ತುಂಬಿ, ಶೂಲಕ್ಕೆ ಪೋಣಿಸಿ, ಕೆಂಡದಲ್ಲಿ ಸುಡುವ ವಿಧಾನಗಳು ವಿವರವಾಗಿಯೇ ಇವೆ. ರಾಯಚೂರು ಆ ರಾಜ್ಯದ ಒಳಗಿನ ನೆಲ. ಅದಕ್ಕೂ ಹಿಂದಕ್ಕೆ ಹೋದರೆ ಇದೇ ಜಿಲ್ಲೆಯ ಪಿಕ್ಲಿಹಾಳದಲ್ಲಿ 1952ರಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಅಗೆದು ತೋರಿಸಿದ ನವಶಿಲಾಯುಗದ ದನಗಾಹಿಗಳ ನೆಲೆ ಇದೆ. ಬೆಂಕಿಯ ಮುಂದೆ ಕುಳಿತು ಸುಟ್ಟು ತಿನ್ನಲಿಕ್ಕೆ ದನಗಾಹಿಗೆ ಯಾವ ಅರಸನೂ ಕಲಿಸಬೇಕಾಗಿಲ್ಲ.

ಗೃಹಸ್ಥ: ಹಾಗಿದ್ದರೆ ಕೊಳ್ಳಬೇಕಾದ ಗ್ರಿಲ್ ಯಾವುದು?

ಹಿರಿಯರು: ಕೊಳ್ಳಬಾರದು, ಮಾಡಿಸಬೇಕು. ಸಂಜೆ ಪೇಟೆಯಲ್ಲಿ ಸೀಖ್ ಕಬಾಬು ಸುಡುವವನ ಸಿಗಡಿಯನ್ನು ಹತ್ತಿರದಿಂದ ನೋಡಬೇಕು. ಉದ್ದನೆಯ, ಗೇಣಿಗಿಂತ ಕಡಿಮೆ ಅಗಲದ ದೋಣಿಯಂಥ ಕಬ್ಬಿಣದ ತೊಟ್ಟಿ. ಮೇಲೆ ಜಾಳಿಗೆಯೇ ಇಲ್ಲ. ಸರಳುಗಳ ಎರಡು ತುದಿಗಳು ತೊಟ್ಟಿಯ ಎರಡು ಅಂಚಿನ ಮೇಲೆ ಕೂತು, ಮಾಂಸ ಕೆಂಡದ ಮೇಲೆ ನಾಲ್ಕೈದು ಬೆರಳಿನ ಎತ್ತರದಲ್ಲಿ ತೂಗಿರುತ್ತದೆ. ಯಾವ ಲೋಹಕ್ಕೂ ಅಂಟುವುದಿಲ್ಲ, ಹರಿಯುವುದಿಲ್ಲ. ಕೈಮಾ ಕಬಾಬಿನ ಸರಳು ಚಪ್ಪಟೆಯಾಗಿರುತ್ತದೆ, ದುಂಡು ಸರಳಿನಲ್ಲಿ ತಿರುವಿದಾಗ ಸರಳು ತಿರುಗಿ ಮಾಂಸ ನಿಂತಲ್ಲೇ ನಿಲ್ಲುತ್ತದೆ. ಬುಡದ ಹತ್ತಿರ ಸಾಲಾಗಿ ತೂತು. ಬೀಸಣಿಗೆಯನ್ನು ಆ ತೂತಿನ ಕಡೆಗೆ ಬೀಸಿದರೆ ಕೆಂಡ ಏಳುತ್ತದೆ, ಮೇಲಿನಿಂದ ಬೀಸಿದರೆ ಬೂದಿ ಏಳುತ್ತದೆ. ನಾಲ್ಕು ಜನದ ಮನೆಗೆ ಒಂದು ಮಾರಿಗಿಂತ ಕಡಿಮೆ ಉದ್ದದ ತೊಟ್ಟಿ ಸಾಕು, ವೆಲ್ಡಿಂಗ್ ಅಂಗಡಿಯಲ್ಲಿ 3 ಮಿಲಿಮೀಟರ್ ದಪ್ಪದ ಸಾದಾ ಕಬ್ಬಿಣದ ಶೀಟಿನಲ್ಲಿ ಮಾಡಿಸಿದರೆ ಬಹಳ ವರ್ಷ ಬಾಳುತ್ತದೆ. ಬದನೆಕಾಯಿ, ಮೆಕ್ಕೆಜೋಳದ ತೆನೆಗೆಂದು ಎತ್ತಿ ಇಳಿಸುವ ಒಂದು ಜಾಳಿಗೆ ಬೇರೆ ಮಾಡಿಸಿಟ್ಟರಾಯಿತು.

ಗೃಹಸ್ಥ: ಶೀಟಿಗಿಂತ ಹಳೆಯ ಡ್ರಮ್ಮನ್ನು ಅಡ್ಡಕ್ಕೆ ಕೊಯ್ದರೆ ಖರ್ಚು ಇನ್ನೂ ಕಡಿಮೆ ಎಂದು ವೆಲ್ಡಿಂಗಿನವನು ಹೇಳುತ್ತಾನೆ.

ಹಿರಿಯರು: ಯಾವ ಡ್ರಮ್ಮು ಎಂದು ಕೇಳಿದ್ದೀಯಾ? ಹತ್ತಿ ಬೆಳೆಯುವ ಸೀಮೆಯಲ್ಲಿ ಹಳೆಯ ಡ್ರಮ್ಮಿನೊಳಗೆ ಏನಿತ್ತೆಂಬುದು ಮಾರುವವನಿಗೂ ಗೊತ್ತಿರುವುದಿಲ್ಲ. ಕೀಟನಾಶಕದ ಡ್ರಮ್ಮನ್ನು ಎಷ್ಟು ಸುಟ್ಟು ತೊಳೆದರೂ ಅಡುಗೆಗೆ ಬಳಸಬಾರದು. ಹಾಗೆಯೇ ಜಿ.ಐ. ಶೀಟು, ಅಂದರೆ ತುಕ್ಕು ಹಿಡಿಯದಿರಲೆಂದು ಸತುವಿನ ಲೇಪ ಕೊಟ್ಟ ತಗಡು, ಕೆಂಡದ ಒಲೆಗೆ ಕೂಡದು. ಸತು ಸುಮಾರು 420 ಡಿಗ್ರಿಯಲ್ಲೇ ಕರಗುತ್ತದೆ, ಕಾವು ಇನ್ನೂ ಏರಿದರೆ ಅದರ ಹೊಗೆಯನ್ನು ಕುಡಿದವನಿಗೆ ಚಳಿಜ್ವರ ಬಂದಂತಾಗುತ್ತದೆ. ಹೊಳೆಯುವ ತಗಡು ಚೆಂದವೆಂದು ಅದನ್ನೇ ಕೇಳುವವರು ಬಹಳ.

ಗೃಹಸ್ಥ: ಇಷ್ಟೆಲ್ಲ ಸರಿಯಾದರೂ ತೆರೆದ ತೊಟ್ಟಿಗೆ ಒಂದು ದೊಡ್ಡ ದೋಷವಿದೆ, ಕಾಕಾ. ಆಷಾಢದ ಗಾಳಿಯಲ್ಲಿ ಅದರ ಕಾವು ಯಾರ ಹಿಡಿತದಲ್ಲೂ ಇರುವುದಿಲ್ಲ. ಒಂದು ತುದಿ ಸುಟ್ಟು ಕರಿಯಾಗುವಾಗ ಇನ್ನೊಂದು ತುದಿ ಹಸಿಯಾಗಿರುತ್ತದೆ. 1952ರಲ್ಲಿ ಶಿಕಾಗೋದ ಲೋಹದ ಕಾರ್ಖಾನೆಯ ಕೆಲಸಗಾರ ಜಾರ್ಜ್ ಸ್ಟೀಫನ್ ಹಡಗುಗಳಿಗೆ ದಾರಿ ತೋರುವ ತೇಲುಗುಂಡನ್ನು ಎರಡು ಹೋಳು ಮಾಡಿ ಮುಚ್ಚಳದ ಗ್ರಿಲ್ ಮಾಡಿದ್ದು ಗಾಳಿಯ ಕಾಟ ತಾಳಲಾರದೆಯೇ ಅಲ್ಲವೇ? ಮುಚ್ಚಳದಲ್ಲಿ ಒಂದು ಕಿಂಡಿ, ಬುಡದಲ್ಲಿ ಒಂದು ಕಿಂಡಿ; ಕಿಂಡಿ ಎಷ್ಟು ತೆರೆದರೆ ಅಷ್ಟು ಕಾವು.

ಹಿರಿಯರು: ಆ ಮಾತನ್ನು ತಳ್ಳಿಹಾಕಲಾಗದು. ಇದ್ದಲಿಗೆ ಗಾಳಿಯೇ ಆಹಾರ. ಗಾಳಿಗೆ ಬಾಗಿಲಿಟ್ಟವನಿಗೆ ಬೆಂಕಿ ಹೇಳಿದಂತೆ ಕೇಳುತ್ತದೆ. ಗಾಳಿಯ ಮೂರು ತಿಂಗಳೂ ಬಳಸುವ ಮನಸ್ಸಿದ್ದರೆ, ಇಡೀ ಕೋಳಿಯನ್ನೋ ರಾನನ್ನೋ ಮಾಡುವ ಹಂಬಲವಿದ್ದರೆ, ಮುಚ್ಚಳದ ಗ್ರಿಲ್ ಒಂದಕ್ಕೆ ಹಣ ಹಾಕುವುದು ದಂಡವಲ್ಲ. ಕೋಳಿಯ ದಪ್ಪ ಭಾಗದೊಳಗೆ ಕಾವು 74 ಡಿಗ್ರಿ ಮುಟ್ಟಬೇಕು. ಮೇಲೆ ಕಪ್ಪಾಗದೆ ಒಳಗೆ ಅಷ್ಟು ಕಾವು ಮುಟ್ಟಿಸುವುದು ತೆರೆದ ತೊಟ್ಟಿಯಲ್ಲಿ ಕಷ್ಟ, ಮುಚ್ಚಳದಲ್ಲಿ ಸುಲಭ. ಆದರೆ ಮುಚ್ಚಳದ ಮೇಲೆ ಕೂಡಿಸಿದ ಗಡಿಯಾರದಂಥ ಉಷ್ಣಮಾಪಕವನ್ನು ನಂಬಬಾರದು, ಅದು ಹೇಳುವುದು ಮುಚ್ಚಳದ ಕೆಳಗಿನ ಗಾಳಿಯ ಸಂಗತಿ. ಕೆಂಡದ ಕಾವು ತಿಳಿಯಲಿಕ್ಕೆ ಜಾಳಿಗೆಯ ಮೇಲೆ ಗೇಣಿನ ಅರ್ಧದಷ್ಟು ಎತ್ತರದಲ್ಲಿ ಅಂಗೈ ಹಿಡಿದು ಎಣಿಸಬೇಕು: ಎರಡು ಮೂರು ಎಣಿಸುವಷ್ಟರಲ್ಲಿ ಕೈ ಹಿಂದಕ್ಕೆ ಬಂದರೆ ಜೋರು ಬೆಂಕಿ, ಕಬಾಬಿಗೂ ಮೀನಿಗೂ ಆಯಿತು, ಐದರವರೆಗೆ ತಾಳಿದರೆ ಕೋಳಿಯ ತುಂಡುಗಳಿಗೆ ಸರಿ, ಏಳೆಂಟು ತಾಳಿದರೆ ರೊಟ್ಟಿ ಖಡಕ್ಕು ಮಾಡಲಿಕ್ಕೆ, ಬದನೆಕಾಯಿ ಒಳಗೊಳಗೇ ಬೇಯಲಿಕ್ಕೆ.

ಗೃಹಸ್ಥ: ಇದ್ದಲಿಯನ್ನು ಆರಿಸುವುದು ಹೇಗೆ? ಅಂಗಡಿಯ ಚೀಲದಲ್ಲಿ ಎಲ್ಲವೂ ಕಪ್ಪಗೆ ಒಂದೇ ರೀತಿ ಕಾಣುತ್ತವೆ.

ಹಿರಿಯರು: ಕಟ್ಟಿಗೆಯನ್ನು ಒಟ್ಟಿ, ಮಣ್ಣು ಮೆತ್ತಿ, ಗಾಳಿ ಬಿಗಿಹಿಡಿದು ದಿನಗಟ್ಟಲೆ ಒಳಗೇ ಕುದಿಸಿದರೆ ನೀರು, ಟಾರಿನಂಥ ಜಿಡ್ಡು ಎಲ್ಲ ಹೊರಟು ಇಂಗಾಲ ಉಳಿಯುತ್ತದೆ, ಅದೇ ಇದ್ದಲಿ. ಭಟ್ಟಿಯನ್ನು ಅವಸರದಲ್ಲಿ ಬಿಚ್ಚಿದರೆ ನಡುವಿನ ತುಂಡುಗಳು ಅರೆಬೆಂದು ಉಳಿಯುತ್ತವೆ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದಾಗ ಗಾಜಿನಂಥ ಸದ್ದು ಬಂದು, ಮುರಿದ ಕಡೆ ಹೊಳಪಿದ್ದರೆ ಚೆನ್ನಾಗಿ ಬೆಂದದ್ದು. ಸದ್ದು ಮಂದವಾಗಿ, ಒಳಗೆ ಕಂದು ಬಣ್ಣ ಕಂಡರೆ ಅದು ಹೊತ್ತುವಾಗ ಕಣ್ಣುರಿಸುವ ಬಿಳಿಹೊಗೆ ಬಿಡುತ್ತದೆ. ಜಾಲಿಯ ಇದ್ದಲಿ ತೂಕದ್ದು, ಕಿಡಿ ಸ್ವಲ್ಪ ಹಾರಿಸುತ್ತದೆ, ಆದರೆ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಪೂರ್ತಿ ಬೂದಿಯ ತೆಳು ಪದರ ಹೊದ್ದ ಮೇಲೆ ಮಾತ್ರ ಮಾಂಸ ಇಡಬೇಕು. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಏಳಲು ಬಿಡಬಾರದು, ಹಾಗೆ ಏಳುವ ಮಸಿಯಲ್ಲಿ ಬೆಂಜೊಪೈರೀನಿನಂಥ, ಕ್ಯಾನ್ಸರಿಗೆ ಕಾರಣವೆಂದು ತೀರ್ಮಾನವಾಗಿರುವ ವಸ್ತುಗಳು ಮಾಂಸಕ್ಕೆ ಅಂಟುತ್ತವೆ. ಕರಿಯಾದ ಅಂಚನ್ನು ರುಚಿಯೆಂದು ತಿನ್ನುವ ಚಟ ಒಳ್ಳೆಯದಲ್ಲ. ಇನ್ನೊಂದು, ಮಳೆ ಬಂತೆಂದು ಉರಿಯುವ ಸಿಗಡಿಯನ್ನು ಕೋಣೆಯೊಳಗೆ ತಂದಿಟ್ಟು ಬಾಗಿಲು ಹಾಕಬಾರದು. ಇದ್ದಲಿಯಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಳಿತವರು ಕುಳಿತಲ್ಲೇ ಸಾಯುತ್ತಾರೆ.

ಗೃಹಸ್ಥ: ಅನಿಲದ ಗ್ರಿಲ್, ಗುಳಿಗೆಯ ಯಂತ್ರ, ಪಿಂಗಾಣಿ ಒಲೆಗಳ ಬಗ್ಗೆ ಏನೂ ಹೇಳಲಿಲ್ಲ.

ಹಿರಿಯರು: ಅವಸರದ ಮನೆಗೆ ಅನಿಲ ಒಳ್ಳೆಯದು, ಅದರಲ್ಲಿ ಬರುವ ಸುಟ್ಟ ಕಂಪು ಅನಿಲದ್ದಲ್ಲ, ರಸ ತೊಟ್ಟಿಕ್ಕಿ ಕಾದ ಲೋಹದ ಮೇಲೆ ಆವಿಯಾದದ್ದು. ಗುಳಿಗೆಯ ಯಂತ್ರಕ್ಕೆ ಕರೆಂಟು ತಪ್ಪದೆ ಇರಬೇಕು, ಅಡುಗೆಗೆಂದೇ ಮಾಡಿದ ಗುಳಿಗೆ ಇಲ್ಲಿಯ ಪೇಟೆಯಲ್ಲಿ ಸುಲಭವಾಗಿ ಸಿಗಬೇಕು. ಕಾರ್ಖಾನೆಯ ಬಾಯ್ಲರಿಗೆ ಮಾರುವ ಗುಳಿಗೆಯನ್ನು ಅದಕ್ಕೆ ಹಾಕಬಾರದು. ಪಿಂಗಾಣಿ ಮೊಟ್ಟೆ ಜಪಾನಿನ ಹಳೆಯ ಮಣ್ಣಿನ ಒಲೆಯ ವಂಶದ್ದು, ಬಹಳ ದುಬಾರಿ; ದಪ್ಪ ಗೋಡೆ ಕಾವನ್ನು ಹೀರಿ ಹಿಡಿದಿಟ್ಟುಕೊಳ್ಳುವ ಅದೇ ಗುಣ ಮಣ್ಣಿನ ತಂದೂರಿಗೂ ಇದೆ, ಅದರ ಒಳಗೋಡೆ 400 ಡಿಗ್ರಿಯವರೆಗೂ ಕಾಯುತ್ತದೆ.

ಗೃಹಸ್ಥ: ಹಾಗಿದ್ದರೆ ತಂದೂರನ್ನೇ ಕಟ್ಟಿಸಿ, ರೊಟ್ಟಿಯನ್ನೂ ಅದರಲ್ಲೇ ಮಾಡಬಹುದು, ಹೆಂಚಿನ ಒಲೆ ಉಳಿಯುತ್ತದೆ.

ಹಿರಿಯರು: ಗೋಧಿಯ ರೊಟ್ಟಿ ಆಗುತ್ತದೆ, ಜೋಳದ್ದು ಆಗುವುದಿಲ್ಲ. ತಂದೂರಿನ ನಿಂತ ಗೋಡೆಗೆ ರೊಟ್ಟಿಯನ್ನು ಹೊಡೆದು ಅಂಟಿಸಬೇಕಾದರೆ ಹಿಟ್ಟು ಎಳೆದರೆ ಎಳೆಯಬೇಕು; ಗೋಧಿಗೆ ಆ ಜಿಗುಟು ಗ್ಲುಟೆನ್ ಎಂಬ ಪ್ರೋಟೀನಿನಿಂದ ಬರುತ್ತದೆ, ಜೋಳದಲ್ಲಿ ಅದಿಲ್ಲ. ಕುದಿನೀರು ಹಾಕಿ ಹಿಟ್ಟಿನ ಪಿಷ್ಟವನ್ನು ಅರೆಬೇಯಿಸಿ ನಾದಿದಾಗ ಮಾತ್ರ ಜೋಳದ ಹಿಟ್ಟು ಕೂಡಿ ನಿಲ್ಲುತ್ತದೆ. ಆ ರೊಟ್ಟಿಗೆ ಮಲಗಲು ಹೆಂಚೇ ಬೇಕು, ಮೇಲೆ ನೀರು ಸವರಿ, ತಿರುವಿ, ಕೊನೆಗೆ ಒಲೆಯ ಬಾಯಿಯ ಕೆಂಡಕ್ಕೆ ಒರಗಿಸಿದಾಗ ಉಬ್ಬುತ್ತದೆ. ರಾಯಚೂರಿನ ಹೊರ ಅಡುಗೆಮನೆಯಲ್ಲಿ ಗ್ರಿಲ್ ಇಲ್ಲದಿದ್ದರೂ ನಡೆದೀತು, ಹೆಂಚಿಲ್ಲದೆ ನಡೆಯದು. ಮನೆಯಲ್ಲಿ ಮಾಂಸ ಮುಟ್ಟದವರಿದ್ದರೆ ಹೆಂಚಿನ ಒಲೆಯೂ ಜಾಳಿಗೆಯೂ ಬೇರೆ ಬೇರೆ ಇರುವುದು ಅಡುಗೆಯ ಶಾಸ್ತ್ರಕ್ಕಿಂತ ಮನೆಯ ಶಾಂತಿಗೆ ಅಗತ್ಯ.

ಗೃಹಸ್ಥ: ಕಟ್ಟೆಗೆ ಶಹಾಬಾದಿನ ಫರಸಿ ಹಾಸಿ, ಕೆಳಗೆ ಶಕ್ತಿನಗರದ ಬೂದಿಯ ಇಟ್ಟಿಗೆ ಕಟ್ಟಬೇಕೆಂದು ಮೇಸ್ತ್ರಿ ಹೇಳುತ್ತಾನೆ. ಎರಡೂ ಇಲ್ಲಿಯ ಸಾಮಗ್ರಿಗಳೇ.

ಹಿರಿಯರು: ಇಲ್ಲಿಯವೇ ಹೌದು, ಬೆಂಕಿಯ ಪಕ್ಕದವಲ್ಲ. ಶಹಾಬಾದಿನ ಕಲ್ಲು ಸುಣ್ಣಕಲ್ಲು, ಪದರ ಪದರವಾಗಿ ಕೂಡಿದ್ದು. ಪದರಗಳ ನಡುವೆ ಉಳಿದ ತೇವ ಕಾದು ಆವಿಯಾದರೆ ಚಕ್ಕೆ ಎದ್ದು ಸಿಡಿಯುತ್ತದೆ. ಹಾರುಬೂದಿಯ ಇಟ್ಟಿಗೆಯನ್ನು ಹಿಡಿದಿರುವುದು ಸಿಮೆಂಟು ಅಥವಾ ಸುಣ್ಣ; 1985ರಿಂದ ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರ ಸುಡುತ್ತ ಬಂದ ಕಲ್ಲಿದ್ದಲಿನ ಬೂದಿಗೆ ಅದು ಒಳ್ಳೆಯ ಉಪಯೋಗವೇ, ಆದರೆ 450 ಡಿಗ್ರಿಯ ಸುಮಾರಿಗೆ ಆ ಬಂಧ ಸಡಿಲುತ್ತದೆ. ಗ್ರಾನೈಟೂ ಪೂರ್ತಿ ನಂಬಿಕೆಯದಲ್ಲ. ಹೈದರಾಬಾದಿನವರು ಪತ್ಥರ್ ಕಾ ಗೋಷ್ಟ್ ಎಂಬ ಅಡುಗೆಯಲ್ಲಿ ಗ್ರಾನೈಟ್ ಹಲಗೆಯನ್ನೇ ಕೆಂಡದ ಮೇಲಿಟ್ಟು ಅದರ ಮೇಲೆ ತೆಳು ಮಾಂಸ ಬೇಯಿಸುತ್ತಾರೆ ನಿಜ, ಆದರೆ ಅದನ್ನು ನಿಧಾನವಾಗಿ ಕಾಯಿಸುತ್ತಾರೆ. ಅದರೊಳಗಿನ ಸ್ಫಟಿಕದ ಕಣಗಳು 573 ಡಿಗ್ರಿಯಲ್ಲಿ ಒಮ್ಮೆಲೇ ಹಿಗ್ಗುವುದರಿಂದ ಅವಸರ ಮಾಡಿದರೆ ಹಲಗೆ ಬಿರಿಯುತ್ತದೆ. ಕೆಂಡ ತಾಗುವ ಒಳಮೈಗೆ ಬೆಂಕಿ ಇಟ್ಟಿಗೆ, ಸಿಗದಿದ್ದರೆ ಚೆನ್ನಾಗಿ ಸುಟ್ಟ ಕೆಂಪಿಟ್ಟಿಗೆಯನ್ನು ಸಿಮೆಂಟಿಲ್ಲದೆ ಮಣ್ಣಿನ ಗಾರೆಯಲ್ಲಿ ಕೂಡಿಸಬೇಕು. ಹೊರಮೈಗೆ ಫರಸಿಯೋ ಬೂದಿಯ ಇಟ್ಟಿಗೆಯೋ ಮೇಸ್ತ್ರಿಯ ಇಷ್ಟ.

ಗೃಹಸ್ಥ: ಇನ್ನು ಜಾಗ. ವಾಸ್ತುವಿನವರು ಆಗ್ನೇಯ ಮೂಲೆಯನ್ನು ತೋರಿಸಿದ್ದಾರೆ.

ಹಿರಿಯರು: ಅವರ ಕಾರಣ ಏನೇ ಇರಲಿ, ಗಾಳಿಯ ಲೆಕ್ಕಕ್ಕೂ ಅದು ಹೊಂದುತ್ತದೆ. ಮುಂಗಾರಿನ ಗಾಳಿ ನೈಋತ್ಯದಿಂದ ಬರುವಾಗ ಆಗ್ನೇಯದ ಹೊಗೆ ಮನೆಯ ಪೂರ್ವದ ಬದಿಗೆ ಹಾದು ಈಶಾನ್ಯಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ಈಶಾನ್ಯದ ಗಾಳಿ ಬೀಸಿದಾಗ ದಕ್ಷಿಣದ ಬದಿಗೆ ಹಾದು ನೈಋತ್ಯಕ್ಕೆ. ಎರಡೂ ಸಲ ಮನೆ ತಪ್ಪುತ್ತದೆ, ನೆರೆಯವರು ತಪ್ಪುವುದಿಲ್ಲ. ಆದ್ದರಿಂದ ಹೆಂಚಿನ ಒಲೆಗೆ ಹೊಗೆಗೊಳವೆ ಇರಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯ ಕ್ರಮ ಇದಕ್ಕೆ ಮಾದರಿ: ಕಟ್ಟಿಗೆಯ ಕೆಳಗೆ ಗಾಳಿಗೆ ಜಾಲರಿ, ಒಂದರ ಹಿಂದೊಂದು ಪಾತ್ರೆಯ ಗುಳಿ, ಕೊನೆಗೆ ಕೊಳವೆ, ಉರಿ ವ್ಯರ್ಥವಾಗದು, ಹೊಗೆ ಅಡುಗೆ ಮಾಡುವವರ ಕಣ್ಣಿಗೆ ಬಾರದು. ದೇವದುರ್ಗದ ಹೊಲದ ಮನೆಯಲ್ಲೂ ಇಂಥದ್ದನ್ನೇ ಕಟ್ಟಿಸುವುದಾದರೆ ಬಣವೆಯಿಂದ ದೂರವಿರಲಿ. ಬೇಸಿಗೆಯಲ್ಲಿ ಜಾಲಿಯ ಒಂದು ಕಿಡಿ ಸಾಕು.

ಗೃಹಸ್ಥ: ಕಟ್ಟೆಯ ಎತ್ತರ? ಮೇಸ್ತ್ರಿ ಒಳಗಿನ ಅಡುಗೆಮನೆಯ ಅಳತೆಯನ್ನೇ, 85 ಸೆಂಟಿಮೀಟರನ್ನು, ಉದ್ದಕ್ಕೂ ಹಿಡಿದಿದ್ದಾನೆ.

ಹಿರಿಯರು: ನಿಂತು ತಿರುವುವ ಸೀಖಿನ ತೊಟ್ಟಿಗೆ ಅದು ಸರಿ. ರೊಟ್ಟಿಗೆ ಸರಿಯಲ್ಲ. ಪರಾತದಲ್ಲಿ ಜೋಳದ ರೊಟ್ಟಿ ತಟ್ಟುವವರು ಮಣೆಯ ಮೇಲೆ ಕೂತು, ಅಂಗೈಯ ಜೊತೆಗೆ ಭುಜದ ಭಾರವನ್ನೂ ಇಳಿಸಿ ತಟ್ಟುತ್ತಾರೆ, ತಟ್ಟಿದ್ದನ್ನು ಎದ್ದು ನಿಲ್ಲದೆ ಹೆಂಚಿಗೆ ಹಾಕುತ್ತಾರೆ. ನಿಂತು ತಟ್ಟುವ ರೂಢಿ ಇದ್ದವರಿಗೆ ಬೇರೆ ಅಳತೆ. ರೊಟ್ಟಿ ತಟ್ಟುವವರು ಯಾರು?

ಗೃಹಸ್ಥ: ಅವ್ವ. ಅವಳಿಗೆ ಮೊಣಕಾಲು ನೋವು, ನೆಲಕ್ಕೆ ಕೂತರೆ ಏಳುವುದು ಕಷ್ಟ.

ಹಿರಿಯರು: ಹಾಗಿದ್ದರೆ ನೆಲವೂ ಬೇಡ, 85 ಕೂಡ ಬೇಡ. ಸ್ಟೂಲಿನ ಎತ್ತರಕ್ಕೆ ಕೂತು, ಕೈ ಚಾಚಿದರೆ ಪರಾತ, ಇನ್ನೂ ಸ್ವಲ್ಪ ಚಾಚಿದರೆ ಹೆಂಚು ಸಿಗುವಂತೆ ಒಲೆಯ ಭಾಗವನ್ನು ತಗ್ಗಿಸಬೇಕು, ಕಟ್ಟಿಗೆ ತುರುಕುವ ಬಾಯಿ ಅವರ ಬಲಕ್ಕೆ ಇರಬೇಕು. ಮಣ್ಣಿನ ಗಾರೆ ಕಲಸುವ ಮುನ್ನ ಅವ್ವನನ್ನು ಆ ಜಾಗದಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಖಾಲಿ ಪರಾತವಿಟ್ಟು ತಟ್ಟಿಸಿ ನೋಡಿ, ಮೇಸ್ತ್ರಿಯ ಕೈಯಲ್ಲಿ ಟೇಪು ಹಿಡಿಸು.